ಬ್ಲಡ್ ರಿಪೋರ್ಟ್ ನಾರ್ಮಲ್, ಮೈ ನೋವು ಮಾತ್ರ ಬಿಡುತ್ತಿಲ್ಲ. ನಿಮಗೂ ಹೀಗಾಗಿತ್ತಾ?

ಕೇಳಿದವರು, ಅಂಬಲಪಾಡಿ, ಉಡುಪಿ

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ. ಪ್ರೈಮರಿ ಶಾಲೆಯಲ್ಲಿ ಟೀಚರ್. ಮೂರು ವರ್ಷದಿಂದ ಮೈಕೈ ನೋವು. ಮೊದಲು ಕುತ್ತಿಗೆ, ಹೆಗಲು. ಆಮೇಲೆ ಸೊಂಟ, ಮೊಣಕಾಲು, ಅಂಗೈ. ಈಗ ಎಲ್ಲಿ ನೋವು ಅಂತ ಕೇಳಿದರೆ ಹೇಳುವುದೇ ಕಷ್ಟ. ಬೆಳಿಗ್ಗೆ ಏಳುವಾಗ ರಾತ್ರಿಯಿಡೀ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗಿರುತ್ತದೆ.

ರಿಪೋರ್ಟ್ ಹೀಗಿದೆ. ಇಎಸ್‌ಆರ್, ಸಿಆರ್‌ಪಿ ಎರಡೂ (ಉರಿಯೂತ ಇದೆಯಾ ಅಂತ ನೋಡುವ ಟೆಸ್ಟ್) ನಾರ್ಮಲ್. ಆರ್‌ಎ ಫ್ಯಾಕ್ಟರ್ (ಸಂಧಿವಾತಕ್ಕೆ ನೋಡುವುದು) ನೆಗೆಟಿವ್. ಎಎನ್‌ಎ ಮಾತ್ರ 1:80, ವೀಕ್ ಪಾಸಿಟಿವ್ ಅಂತ ಬರೆದಿದ್ದಾರೆ. ಎರಡನೇ ಹೆರಿಗೆ ಆದಾಗಿನಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ನನ್ನ ಚಿಕ್ಕಮ್ಮನಿಗೆ ರುಮಟಾಯ್ಡ್ ಸಂಧಿವಾತ ಇದೆ. ಅವರ ಬೆರಳುಗಳೆಲ್ಲ ಓರೆಯಾಗಿವೆ.

ಒಬ್ಬ ಡಾಕ್ಟರು "ಟೆನ್ಶನ್ ಅಷ್ಟೇ, ನಾಲ್ಕು ದಿನ ರಜೆ ಹಾಕಿ" ಅಂದರು. ಇನ್ನೊಬ್ಬರು ಎಎನ್‌ಎ ನೋಡಿ "ಆಟೋಇಮ್ಯೂನ್ ಇರಬಹುದು" ಅಂದರು. ಅದು ಎಂತದ್ದು ಅಂತ ಕೇಳುವಷ್ಟರಲ್ಲಿ ಮುಂದಿನ ನಂಬರ್ ಕರೆದಾಗಿತ್ತು. ಅತ್ತೆ ವಾಯು ಅನ್ನುತ್ತಾರೆ. ಯಜಮಾನರು ಏನೂ ಹೇಳುವುದಿಲ್ಲ. ಆದರೆ ರಿಪೋರ್ಟ್ ನಾರ್ಮಲ್ ಅಂತ ಬಂದ ದಿನ ಅವರ ಮುಖ ನೋಡಿದರೆ ಸಾಕು, ನನಗೆ ಗೊತ್ತಾಗುತ್ತದೆ.

ಆಟೋಇಮ್ಯೂನ್ ಅಂದರೆ ರೋಗನಿರೋಧಕ ಶಕ್ತಿ ನಮ್ಮ ದೇಹದ ಮೇಲೇ ತಿರುಗುವುದಂತೆ. ನನ್ನ ದೇಹ ನನ್ನ ಮೇಲೇ ತಿರುಗಿ ಬಿದ್ದಿದೆಯಾ? ಅದನ್ನು ತಿಳಿಯುವುದು ಹೇಗೆ? ಇಂಥ ನೋವು ಅನುಭವಿಸಿದವರು ನೀವು ಎಂತ ಮಾಡಿದಿರಿ ಅಂತ ದಯವಿಟ್ಟು ಬರೆಯಿರಿ.

ಶಂಕರಪುರದಿಂದ

ತಂಗೀ, ನನಗೆ 54. ನಾನು ಹೇಳುತ್ತಿದ್ದೇನೆ, ಮಗಳು ಟೈಪ್ ಮಾಡುತ್ತಿದ್ದಾಳೆ. ನಿನ್ನ ಚಿಕ್ಕಮ್ಮನಿಗೆ ಇರುವುದೇ ನನಗೂ ಇರುವುದು. 11 ವರ್ಷ ಆಯಿತು.

ನಮ್ಮದು ಮಲ್ಲಿಗೆ ಕೃಷಿ. ಇಲ್ಲಿ ಕೆಲಸ ಎಲ್ಲ ಬೆಳಿಗ್ಗೆಯೇ. ಬೆಳಕು ಹರಿಯುವಾಗ ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಹೊತ್ತು ಏರುವ ಮೊದಲು ಚೆಂಡು ಮಾಡಿ ಹೂ ಕೊಳ್ಳುವ ಕಟ್ಟೆಗೆ ಕಳಿಸಬೇಕು. ನನಗೆ ರೋಗ ಶುರುವಾದದ್ದು ಗೊತ್ತಾದದ್ದೇ ಹಾಗೆ. ಬೆರಳು ಮಡಚಲಿಕ್ಕೆ ಬರುತ್ತಿರಲಿಲ್ಲ. ನಾರು ಹಿಡಿದರೆ ಗಂಟು ಬೀಳುತ್ತಿರಲಿಲ್ಲ. ಬಿಸಿನೀರಲ್ಲಿ ಕೈ ಅದ್ದಿ ಕೂತರೂ ಸಡಿಲ ಆಗಲಿಕ್ಕೆ ಎರಡು ಗಂಟೆ ಬೇಕು. ಅಷ್ಟೊತ್ತಿಗೆ ಪಕ್ಕದ ಮನೆಯವರ ಹೂ ಹೋಗಿ ಆಗಿರುತ್ತಿತ್ತು. ಮಧ್ಯಾಹ್ನದ ಮೇಲೆ ನೋಡಿದರೆ ಕೈ ಪರವಾಗಿಲ್ಲ. ಹಾಗಾಗಿ ಮನೆಯಲ್ಲಿ ಯಾರೂ ನಂಬಲಿಲ್ಲ, ಬೆಳಗಿನ ಉದಾಸೀನ ಅಂದುಕೊಂಡರು.

ಎರಡೂ ಕೈಯ ಸಣ್ಣ ಗಂಟುಗಳು ಒಂದೇ ರೀತಿ ಬಾತವು. ಬಳೆ ಹತ್ತಲಿಲ್ಲ. ನನಗೂ ಆರ್‌ಎ ಫ್ಯಾಕ್ಟರ್ ನೆಗೆಟಿವ್ ಅಂತಲೇ ಬಂತು. ಅದನ್ನು ನೋಡಿ ಒಬ್ಬರು "ಸಂಧಿವಾತ ಅಲ್ಲ" ಅಂತ ಕಳಿಸಿಬಿಟ್ಟರು. ಆಮೇಲೆ ಒಂದೂವರೆ ವರ್ಷ ಕಳೆದು ಬೇರೆ ಕಡೆ ಆಂಟಿ ಸಿಸಿಪಿ ಅಂತ ಒಂದು ಟೆಸ್ಟ್ ಮಾಡಿಸಿದರು. ಅದು ಜೋರು ಪಾಸಿಟಿವ್.

ಆ ಒಂದೂವರೆ ವರ್ಷದಲ್ಲಿ ನಾನು ಮಾಡಿದ ತಪ್ಪನ್ನು ನೀನು ಮಾಡಬೇಡ. ಯಾರೋ ಹೇಳಿದರು ಅಂತ ಒಂದು ಪುಡಿ ತಂದೆ. ಹೆಸರಿಲ್ಲ, ಚೀಟಿ ಇಲ್ಲ, ಬಿಳಿ ಪೊಟ್ಟಣ. ಮೂರನೇ ದಿನಕ್ಕೇ ನೋವು ಮಾಯ. ದೇವರು ಕಣ್ಣುಬಿಟ್ಟ ಅಂದುಕೊಂಡೆ. ಎಂಟು ತಿಂಗಳು ತಿಂದೆ. ಮುಖ ದುಂಡಗೆ ಊದಿತು, ಸಕ್ಕರೆ ಕಾಯಿಲೆ ಬಂತು. ಡಾಕ್ಟರು ನೋಡಿದ ಕೂಡಲೇ "ಇದರಲ್ಲಿ ಸ್ಟೀರಾಯ್ಡ್ ಇತ್ತು" ಅಂದರು. ಅದನ್ನು ದಿಢೀರ್ ಬಿಡಲಿಕ್ಕೂ ಆಗುವುದಿಲ್ಲವಂತೆ, ಮೆಲ್ಲಮೆಲ್ಲ ಇಳಿಸಬೇಕು. ನೋವು ಕಡಿಮೆಯಾಗಿತ್ತು, ಆದರೆ ಒಳಗೆ ಗಂಟು ಸವೆಯುವುದು ನಿಂತಿರಲಿಲ್ಲ. ನನ್ನ ಎಡಗೈಯ ಎರಡು ಬೆರಳು ಓರೆಯಾದದ್ದು ಆಗಲೇ.

ಈಗ ಮೆಥೋಟ್ರೆಕ್ಸೇಟ್, ಸಂಧಿವಾತವನ್ನೇ ಹತೋಟಿಗೆ ತರುವ ಮಾತ್ರೆ. ವಾರಕ್ಕೆ ಒಂದೇ ದಿನ. ನನ್ನದು ಭಾನುವಾರ. ದಿನಾ ತೆಗೆದುಕೊಂಡರೆ ಜೀವಕ್ಕೇ ಅಪಾಯ. ನಮ್ಮ ಪರಿಚಯದ ಒಬ್ಬರು ಚೀಟಿ ತಪ್ಪಾಗಿ ಓದಿ ದಿನಾ ನುಂಗಿದರು. ಬಾಯೆಲ್ಲ ಹುಣ್ಣಾಗಿ ಆಸ್ಪತ್ರೆಯಲ್ಲಿ ಮಲಗಿದರು. ಮಗಳು ನನ್ನ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ "ಭಾನುವಾರ ಮಾತ್ರ" ಅಂತ ಬರೆದಿದ್ದಾಳೆ. ಫೋಲಿಕ್ ಆಸಿಡ್ ಬೇರೆ ದಿನ. ಡಾಕ್ಟರು ಹೇಳಿದ ಹೊತ್ತಿಗೆ ರಕ್ತ ಪರೀಕ್ಷೆ, ಲಿವರ್ ನೋಡಲಿಕ್ಕೆ. ಇದು ನೋವಿನ ಮಾತ್ರೆ ಅಲ್ಲ, ಮೂರು ದಿನಕ್ಕೆ ಕೆಲಸ ಮಾಡುವುದಿಲ್ಲ. ನನಗೆ ಎರಡು ತಿಂಗಳಾಯಿತು. ಈಗ ಆರೂವರೆಗೆಲ್ಲ ನಾರು ಹಿಡಿದು ಕೂರುತ್ತೇನೆ.

ನೀನು ಹೇಳು ತಂಗೀ, ಬೆಳಿಗ್ಗೆ ನಿನ್ನ ಬಿಗಿತ ಎಷ್ಟು ಹೊತ್ತು ಇರುತ್ತದೆ? ಗಂಟು ಬಾತಿದೆಯಾ, ಇಲ್ಲ ಬರೀ ನೋವಾ? ನನ್ನ ಡಾಕ್ಟರು ಮೊದಲು ಕೇಳಿದ್ದು ಇವೆರಡೇ. ರಿಪೋರ್ಟ್ ಫೈಲನ್ನು ಆಮೇಲೆ ತೆರೆದರು.

ಸುರತ್ಕಲ್‌ನಿಂದ

ನಾನು 31ರ ಗಂಡಸು. ನನ್ನ ಕಥೆ ಬೇರೆ, ಆದರೆ ಅಕ್ಕ ಹೇಳಿದ ಆ ಬೆಳಗಿನ ಪ್ರಶ್ನೆ ನನಗೂ ಅಷ್ಟೇ ಮುಖ್ಯವಾಯಿತು.

23ನೇ ವಯಸ್ಸಿನಲ್ಲಿ ಸೊಂಟದ ಕೆಳಗೆ, ಕುಂಡೆಯ ಹತ್ತಿರ ನೋವು ಶುರು. ಒಮ್ಮೆ ಎಡ, ಒಮ್ಮೆ ಬಲ. ರಾತ್ರಿ ಮೂರು ಗಂಟೆಗೆ ಸರಿಯಾಗಿ ಎಚ್ಚರ. ಮಲಗಿದರೆ ಜಾಸ್ತಿ, ಎದ್ದು ಹಾಲ್‌ನಲ್ಲಿ ಹತ್ತು ಸಲ ಅತ್ತಿಂದಿತ್ತ ನಡೆದರೆ ಕಡಿಮೆ. ಎಂಆರ್‌ಐಯಲ್ಲಿ ಡಿಸ್ಕ್ ಸ್ವಲ್ಪ ಹೊರಬಂದಿದೆ ಅಂತ ಬಂತು. ಬೆಡ್ ರೆಸ್ಟ್ ಅಂದರು. ಬೆಲ್ಟ್ ಕೊಟ್ಟರು. ಎರಡು ವರ್ಷ ರೆಸ್ಟ್ ಮಾಡಿ ಮಾಡಿ ನಾನು ಇನ್ನೂ ಹಾಳಾದೆ.

ಆಮೇಲೆ ಒಂದು ದಿನ ಕಣ್ಣು ಕೆಂಪಾಗಿ ಬೆಳಕು ನೋಡಲಿಕ್ಕೇ ಆಗಲಿಲ್ಲ. ಮದ್ರಾಸ್ ಐ ಅಂದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಕಣ್ಣು ನೋಡಿ ಕೇಳಿದ್ದು, "ನಿಮಗೆ ಬೆನ್ನು ನೋವು ಇದೆಯಾ?" ಅಂತ. ನಾಲ್ಕು ವರ್ಷ ಬೆನ್ನಿಗಾಗಿ ಅಲೆದದ್ದಕ್ಕೆ ಉತ್ತರ ಕಣ್ಣಿನ ಡಾಕ್ಟರಿಂದ ಸಿಕ್ಕಿತು. ಅವರೇ ರುಮಟಾಲಜಿಸ್ಟ್ (ಕೀಲು, ಸಂಧಿವಾತದ ತಜ್ಞರು) ಹತ್ತಿರ ಕಳಿಸಿದರು. ಹೆಸರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಬೆನ್ನುಮೂಳೆ ಸೊಂಟಕ್ಕೆ ಸೇರುವ ಜಾಗದ ಕೀಲುಗಳಲ್ಲಿ ಉರಿಯೂತ, ಕೆಲವರಿಗೆ ಕಣ್ಣಿನಲ್ಲೂ. ಮೊದಲ ಎಂಆರ್‌ಐ ಬೆನ್ನಿನದ್ದು, ಆ ಕೀಲುಗಳು ಅದರಲ್ಲಿ ಬಂದೇ ಇರಲಿಲ್ಲ.

ಒಂದು ವಿಷಯ ಒತ್ತಿ ಹೇಳುತ್ತೇನೆ. ನನ್ನ ಇಎಸ್‌ಆರ್ ಆಗಲೂ ನಾರ್ಮಲ್ ಇತ್ತು. ಈ ಕಾಯಿಲೆ ಇರುವ ಅನೇಕರಲ್ಲಿ ಹಾಗೆಯೇ ಅಂತೆ. ಎಚ್‌ಎಲ್‌ಎ ಬಿ27 ಅಂತ ಒಂದು ಟೆಸ್ಟ್ ಇದೆ, ನನ್ನದು ಪಾಸಿಟಿವ್. ನನ್ನ ತಮ್ಮನದ್ದೂ ಪಾಸಿಟಿವ್, ಅವನಿಗೆ ಏನೂ ಇಲ್ಲ. ಆ ಜೀನ್ ಇರುವವರಲ್ಲಿ ಹೆಚ್ಚಿನವರಿಗೆ ಈ ಕಾಯಿಲೆ ಬರುವುದೇ ಇಲ್ಲ. ಹಾಗಾಗಿ ಆ ಟೆಸ್ಟ್ ಒಂದನ್ನೇ ಹಿಡಿದುಕೊಂಡು ಹೆದರುವುದೂ ಬೇಡ.

45ಕ್ಕಿಂತ ಮೊದಲು ಶುರುವಾದ, ಮೂರು ತಿಂಗಳು ದಾಟಿದ, ವಿಶ್ರಾಂತಿಯಿಂದ ಕಡಿಮೆಯಾಗದೆ ಓಡಾಡಿದರೆ ಕಡಿಮೆಯಾಗುವ ಬೆನ್ನುನೋವು ಯಾರಿಗಾದರೂ ಇದ್ದರೆ ರುಮಟಾಲಜಿಸ್ಟ್ ಅನ್ನು ಒಮ್ಮೆ ಕಾಣಿ. ನನಗೆ ಈಗ ಮಾತ್ರೆ ಇದೆ, ವಾರಕ್ಕೆ ಮೂರು ದಿನ ಈಜು. ಬೆನ್ನು ಬಗ್ಗದೆ ಉಳಿದದ್ದು ಈಜಿನಿಂದ ಅಂತ ನಾನು ನಂಬಿದ್ದೇನೆ. ಟೀಚರ್ ಅಕ್ಕನದ್ದು ಈ ತರಹ ಅನ್ನಿಸುವುದಿಲ್ಲ, ಆದರೆ ಓದುವವರಲ್ಲಿ ಯಾರಿಗಾದರೂ ಬೇಕಾಗಬಹುದು.

ಮಂಗಳೂರು, ಲ್ಯಾಬ್‌ನಲ್ಲಿ 29 ವರ್ಷ ಕೆಲಸ ಮಾಡಿದವರು

ನಾನು ಡಾಕ್ಟರ್ ಅಲ್ಲ, ಟೆಕ್ನಿಷಿಯನ್ ಆಗಿದ್ದು ಈಗ ನಿವೃತ್ತ. ಆ ಎಎನ್‌ಎ 1:80 ಬಗ್ಗೆ ಹೇಳಲೇಬೇಕು. ಯಾಕೆಂದರೆ ಈ ಒಂದು ಸಾಲು ನೋಡಿ ಅತ್ತವರನ್ನು ನಾನು ಕೌಂಟರಿನಲ್ಲಿ ಎಷ್ಟೋ ಸಲ ನೋಡಿದ್ದೇನೆ.

ನಮ್ಮ ರೋಗನಿರೋಧಕ ಶಕ್ತಿ ಹೊರಗಿನ ರೋಗಾಣುವಿನ ಮೇಲೆ ಪ್ರತಿಕಾಯಗಳನ್ನು (ಆಂಟಿಬಾಡಿ) ಮಾಡುತ್ತದೆ. ಕೆಲವು ಸಲ ನಮ್ಮದೇ ಜೀವಕೋಶದ ಮೇಲೆ ಮಾಡುತ್ತದೆ. ಎಎನ್‌ಎ ಅಂದರೆ ಜೀವಕೋಶದ ನಡುವಿನ ನ್ಯೂಕ್ಲಿಯಸ್ ಮೇಲೆ ಅಂಟುವ ಪ್ರತಿಕಾಯ. 1:80 ಅಂದರೆ ನಿಮ್ಮ ಸೀರಮ್ ಅನ್ನು 80 ಪಟ್ಟು ತೆಳು ಮಾಡಿದರೂ ಅದು ಕಾಣಿಸಿತು ಅಂತ. 1:640 ಅಂದರೆ ಇನ್ನೂ ಎಷ್ಟೋ ತೆಳು ಮಾಡಿದರೂ ಕಾಣಿಸಿತು, ಅಂದರೆ ಬಹಳ ಇದೆ ಅಂತ.

ಇದನ್ನು ಪೂರ್ತಿ ಆರೋಗ್ಯವಂತರಲ್ಲಿಯೂ ಅಳೆದು ನೋಡಿದ್ದಾರೆ. 1997ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಯಾವ ಕಾಯಿಲೆಯೂ ಇಲ್ಲದವರಲ್ಲಿ 1:40ಕ್ಕೆ ಸುಮಾರು ನೂರಕ್ಕೆ 32 ಜನ ಪಾಸಿಟಿವ್. 1:80ಕ್ಕೆ ಸುಮಾರು 13 ಜನ. 1:160ಕ್ಕೆ 5 ಜನ. ಥೈರಾಯ್ಡ್ ಕಾಯಿಲೆ ಇರುವವರಲ್ಲಿ ಇದು ಇನ್ನೂ ಹೆಚ್ಚಾಗಿ ಕಾಣುತ್ತದೆ. ನಿಮಗೆ ಥೈರಾಯ್ಡ್ ಇದೆ ಅಲ್ವಾ? ಹಾಗಾದರೆ ಈ 1:80 ತನ್ನಷ್ಟಕ್ಕೇ ಏನನ್ನೂ ಹೇಳುವುದಿಲ್ಲ. ಕೂದಲು ಉದುರುವುದು, ಬಿಸಿಲಿಗೆ ಮುಖ ಕೆಂಪಾಗುವುದು, ಬಾಯಿ ಹುಣ್ಣು, ಕಣ್ಣು ಬಾಯಿ ಒಣಗುವುದು, ಚಳಿಗೆ ಬೆರಳು ಬಿಳಿ ನೀಲಿಯಾಗುವುದು, ಮೂತ್ರದಲ್ಲಿ ನೊರೆ, ಇಂಥದ್ದು ಜೊತೆಗಿದ್ದರೆ ಮಾತ್ರ ಅದಕ್ಕೆ ಬೆಲೆ.

ಆರ್‌ಎ ಫ್ಯಾಕ್ಟರ್ ಕೂಡ ಹಾಗೆಯೇ. ರುಮಟಾಯ್ಡ್ ಇರುವವರಲ್ಲೂ ಕೆಲವರಿಗೆ ಅದು ಬರುವುದೇ ಇಲ್ಲ. ವಯಸ್ಸಾದವರಲ್ಲಿ, ಬೇರೆ ಸೋಂಕು ಇರುವವರಲ್ಲಿ ಸುಮ್ನೆ ಪಾಸಿಟಿವ್ ಬರುತ್ತದೆ. ಆಂಟಿ ಸಿಸಿಪಿ ಹೆಚ್ಚು ನಂಬಬಹುದಾದ ಟೆಸ್ಟ್. ಇದು ಕೆಲವರಲ್ಲಿ ಗಂಟು ಬಾಯುವುದಕ್ಕಿಂತ ವರ್ಷಗಟ್ಟಲೆ ಮೊದಲೇ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ. ಚಿಕ್ಕಮ್ಮನಿಗೆ ಇರುವುದರಿಂದ ಇದನ್ನು ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳಿ. ಪ್ಯಾಕೇಜ್ ಅಂತ ನೀವೇ ಹೋಗಿ 60 ಟೆಸ್ಟ್ ಮಾಡಿಸಬೇಡಿ. ಅಷ್ಟರಲ್ಲಿ ಒಂದಾದರೂ ಗೆರೆ ದಾಟಿರುತ್ತದೆ, ಅದರ ಹಿಂದೆ ಆರು ತಿಂಗಳು ಓಡುತ್ತೀರಿ.

ಇನ್ನು ಸಣ್ಣ ಟೆಸ್ಟುಗಳು. ಟಿಎಸ್‌ಎಚ್ (ಥೈರಾಯ್ಡ್ ಟೆಸ್ಟ್) ಕೊನೆಗೆ ಯಾವಾಗ ನೋಡಿಸಿದಿರಿ? ಥೈರಾಯ್ಡ್ ಕಡಿಮೆಯಾದರೆ ಇದು ಏರುತ್ತದೆ, ಮೈಯೆಲ್ಲ ನೋಯುತ್ತದೆ. ವಿಟಮಿನ್ ಡಿ, ನೀವು ಸಸ್ಯಾಹಾರಿಯಾದರೆ ಬಿ12, ಮತ್ತು ಹಿಮೋಗ್ಲೋಬಿನ್. ಇದನ್ನು ಬಿಟ್ಟು ದುಬಾರಿ ಟೆಸ್ಟಿಗೆ ಹೋದವರನ್ನು ತುಂಬಾ ಕಂಡಿದ್ದೇನೆ.

ಕೇಳಿದವರು, ಅಂಬಲಪಾಡಿ

ಇಷ್ಟು ಜನ ಬರೆದದ್ದು ನೋಡಿ ಕಣ್ಣು ತುಂಬಿ ಬಂತು. ಶಂಕರಪುರದ ಅಕ್ಕ, ನೀವು ಕೇಳಿದ ಮೇಲೆ ಒಂದು ವಾರ ಗಡಿಯಾರ ನೋಡಿ ಬರೆದಿಟ್ಟೆ. ಬಿಗಿತ 15, 20 ನಿಮಿಷಕ್ಕೆ ಬಿಡುತ್ತದೆ. ನೋವು ಬಿಡುವುದಿಲ್ಲ. ಗಂಟು ಎಲ್ಲೂ ಬಾತಿಲ್ಲ. ಆದರೆ ಎಂಟು ಗಂಟೆ ಮಲಗಿದರೂ ನಿದ್ದೆ ಮಾಡಿದ ಹಾಗೆ ಇಲ್ಲ. ಹೆಗಲಿಗೆ ಬ್ಯಾಗಿನ ಪಟ್ಟಿ ತಾಗಿದರೆ ಉರಿ. ಮೊನ್ನೆ ಮೂರನೇ ಕ್ಲಾಸಿಗೆ ಮಗ್ಗಿ ಹೇಳಿಸುವಾಗ ನಡುವೆ ನನಗೇ ಮರೆತುಹೋಯಿತು. ಮಕ್ಕಳು ನನ್ನ ಮುಖವನ್ನೇ ನೋಡುತ್ತಿದ್ದರು. ಶನಿವಾರ ಸ್ವಲ್ಪ ಚೆನ್ನಾಗಿದ್ದೆ ಅಂತ ಇಡೀ ಮನೆ ಗುಡಿಸಿ ಒರೆಸಿದೆ, ಭಾನುವಾರ ಸೋಮವಾರ ಏಳಲಾಗಲಿಲ್ಲ. ಟಿಎಸ್‌ಎಚ್ ನೋಡಿಸಿ ಒಂದೂವರೆ ವರ್ಷ ಆಯಿತು.

ಕದ್ರಿ, ಮಂಗಳೂರು

ನೀವು ಬರೆದದ್ದು ನನ್ನದೇ ಡೈರಿ ಓದಿದ ಹಾಗಾಯಿತು. ಬ್ಯಾಗಿನ ಪಟ್ಟಿ, ಮರೆವು, ಶನಿವಾರ ಮಾಡಿ ಸೋಮವಾರ ಬೀಳುವುದು. ನನಗೆ 47. ಬ್ಯಾಂಕಿನಲ್ಲಿದ್ದೆ. ಆರು ವರ್ಷ ಅಲೆದ ಮೇಲೆ ಫೈಬ್ರೋಮಯಾಲ್ಜಿಯ ಅಂತ ಹೆಸರು ಸಿಕ್ಕಿತು. ನಿಮಗೂ ಅದೇ ಅಂತ ನಾನು ಹೇಳಲಾರೆ, ಡಾಕ್ಟರು ಕೈಯಿಟ್ಟು ನೋಡಬೇಕು. ಆದರೆ ಆ ಹೆಸರನ್ನು ನೀವೇ ಅವರ ಮುಂದೆ ಎತ್ತಿ.

ಇದರಲ್ಲಿ ಗಂಟು ಸವೆಯುವುದಿಲ್ಲ, ಬೆರಳು ಓರೆಯಾಗುವುದಿಲ್ಲ. ಇಎಸ್‌ಆರ್, ಸಿಆರ್‌ಪಿ ನಾರ್ಮಲ್ ಇರುತ್ತದೆ. ನೋವಿನ ಸುದ್ದಿಯನ್ನು ಒಯ್ಯುವ ನರಗಳು, ಅದನ್ನು ಕೇಳಿಸಿಕೊಳ್ಳುವ ಮಿದುಳು, ಎರಡರ ವಾಲ್ಯೂಮ್ ಏರಿ ನಿಂತಿರುತ್ತದೆ. ತಾಗಿದರೆ ಸಾಕು, ಅದು ಪೆಟ್ಟಾಗಿ ಕೇಳಿಸುತ್ತದೆ. ಮೊದಲು 18 ಜಾಗಗಳನ್ನು ಒತ್ತಿ 11ರಲ್ಲಿ ನೋವಿದ್ದರೆ ಈ ಹೆಸರು ಕೊಡುತ್ತಿದ್ದರು, ಅದು 1990ರ ಅಮೆರಿಕದ ನಿಯಮ. 2010ರ ನಂತರ ನೋವು ಎಷ್ಟು ಕಡೆ ಇದೆ, ನಿದ್ದೆ, ಆಯಾಸ, ಮರೆವು ಹೇಗಿದೆ ಅಂತ ಕೇಳಿ ಅಂಕ ಹಾಕುತ್ತಾರೆ.

ಈಗ ನೀವು ಕೇಳಿದ ದೊಡ್ಡ ಪ್ರಶ್ನೆ. ದೇಹ ನನ್ನ ಮೇಲೇ ತಿರುಗಿ ಬಿದ್ದಿದೆಯಾ ಅಂತ. ಇದರಲ್ಲಿ ಹಾಗಿಲ್ಲ ಅಂತಲೇ ಬಹಳ ವರ್ಷ ಹೇಳುತ್ತಿದ್ದರು. ಆದರೆ 2021ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜು, ಲಿವರ್‌ಪೂಲ್ ವಿಶ್ವವಿದ್ಯಾಲಯ ಮತ್ತು ಸ್ವೀಡನ್ನಿನ ಕ್ಯಾರೊಲಿನ್‌ಸ್ಕಾ ಸಂಸ್ಥೆಯವರು ಸೇರಿ ಒಂದು ಕೆಲಸ ಮಾಡಿದರು. ಫೈಬ್ರೋಮಯಾಲ್ಜಿಯ ಇರುವವರ ರಕ್ತದಿಂದ ಪ್ರತಿಕಾಯಗಳನ್ನು ಬೇರೆ ಮಾಡಿ ಇಲಿಗಳಿಗೆ ಚುಚ್ಚಿದರು. ಆ ಇಲಿಗಳು ಒತ್ತಿದರೆ, ತಣ್ಣಗೆ ತಾಗಿದರೆ ಬೇಗ ಕಾಲೆಳೆದುಕೊಳ್ಳತೊಡಗಿದವು. ಅವುಗಳ ಹಿಡಿತದ ಬಲ ಕಡಿಮೆಯಾಯಿತು, ಓಡಾಟವೂ ಕಡಿಮೆಯಾಯಿತು. ಆರೋಗ್ಯವಂತರ ಪ್ರತಿಕಾಯ ಚುಚ್ಚಿದ ಇಲಿಗಳಿಗೆ ಏನೂ ಆಗಲಿಲ್ಲ. ಕೆಲವು ವಾರ ಕಳೆದು ಪ್ರತಿಕಾಯ ಮೈಯಿಂದ ಹೋದ ಮೇಲೆ ಇಲಿಗಳು ಸರಿಯಾದವು. ಆ ಪ್ರತಿಕಾಯಗಳು ಹೋಗಿ ಕೂತದ್ದು ಬೆನ್ನುಹುರಿಯ ಹೊರಗಡೆ ಇರುವ ನರದ ಗಂಟುಗಳಲ್ಲಿ. ನೋವಿನ ನರಗಳ ಸುತ್ತ ಕಾವಲು ಕೂತ ಹಾಗೆ ಇರುವ ಕೋಶಗಳ ಮೇಲೆ.

ಇದನ್ನು ಓದಿದ ರಾತ್ರಿ ನಾನು ಅಡಿಗೆಮನೆಯಲ್ಲಿ ಕೂತು ಅತ್ತೆ. ಆರು ವರ್ಷ "ನಿನ್ನ ಮನಸ್ಸಲ್ಲಿ ಇರುವುದು" ಅಂತ ಕೇಳಿಸಿಕೊಂಡಿದ್ದೆ. ಇಲಿಗೆ ಯಾವ ಟೆನ್ಶನ್? ನನ್ನಂಥವರ ರಕ್ತದಲ್ಲಿ ಇದ್ದದ್ದು ಅದಕ್ಕೂ ನೋವು ಕೊಟ್ಟಿತು.

ಆದರೆ ಇದನ್ನು ಎಳೆದು ದೊಡ್ಡದು ಮಾಡಬಾರದು. ಇದನ್ನು ಪತ್ತೆ ಮಾಡುವ ಟೆಸ್ಟ್ ಯಾವ ಲ್ಯಾಬಿನಲ್ಲೂ ಇಲ್ಲ. ನಿಮ್ಮ ಎಎನ್‌ಎಗೂ ಇದಕ್ಕೂ ಸಂಬಂಧ ಇಲ್ಲ. ಎಲ್ಲ ರೋಗಿಗಳಲ್ಲೂ ಇದೇ ಕಾರಣವಾ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಮೆಥೋಟ್ರೆಕ್ಸೇಟ್ ತರಹದ ಔಷಧಿ ಫೈಬ್ರೋಮಯಾಲ್ಜಿಯಕ್ಕೆ ಕೊಡುವುದಿಲ್ಲ. ಪೆಟ್ಟಾದ ಮೇಲೆ ಕೈಯೋ ಕಾಲೋ ತಿಂಗಳುಗಟ್ಟಲೆ ಉರಿದು ಊದುವ ಸಿಆರ್‌ಪಿಎಸ್ ಅನ್ನುವ ಇನ್ನೊಂದು ನೋವಿನ ಕಾಯಿಲೆ ಇದೆ. ಅದರಲ್ಲೂ ಹೀಗೇ ಪ್ರತಿಕಾಯದ ಸುಳಿವು ಸಿಕ್ಕಿತ್ತು. ಆ ಭರವಸೆಯಿಂದ ಬ್ರಿಟನ್ನಿನಲ್ಲಿ ಇಮ್ಯುನೋಗ್ಲೋಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯ) ಡ್ರಿಪ್ ಅನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟು ನೋಡಿದರು. 2017ರಲ್ಲಿ ಫಲಿತಾಂಶ ಬಂತು, ಔಷಧಿ ಇಲ್ಲದ ಹುಸಿ ಡ್ರಿಪ್ ಕೊಟ್ಟದ್ದಕ್ಕಿಂತ ಅದು ಹೆಚ್ಚು ಉಪಯೋಗವಾಗಲಿಲ್ಲ. ಹಾಗಾಗಿ ಯಾರಾದರೂ "ಇಮ್ಯೂನಿಟಿ ಸರಿಮಾಡುತ್ತೇವೆ" ಅಂತ ದುಬಾರಿ ಡ್ರಿಪ್ ಹೇಳಿದರೆ ಎದ್ದು ಬನ್ನಿ.

ರುಮಟಾಯ್ಡ್ ಇರುವವರಿಗೂ ಇಲ್ಲೊಂದು ಮಾತು. ಅದೇ ಕ್ಯಾರೊಲಿನ್‌ಸ್ಕಾದವರು ಆಂಟಿ ಸಿಸಿಪಿ ಜಾತಿಯ ಪ್ರತಿಕಾಯವನ್ನು ಇಲಿಗೆ ಕೊಟ್ಟಾಗ ಕೀಲು ಬಾಯದೆಯೇ ನೋವು ಬಂದಿತ್ತು. ಊತಕ್ಕೂ ಮೊದಲೇ ನೋವು ಬರುತ್ತದೆ ಅಂತ ರೋಗಿಗಳು ಹೇಳುತ್ತಿದ್ದದ್ದು ಸುಳ್ಳಲ್ಲ. ಮತ್ತೆ, ಒಬ್ಬರಿಗೇ ರುಮಟಾಯ್ಡ್ ಮತ್ತು ಫೈಬ್ರೋಮಯಾಲ್ಜಿಯ ಎರಡೂ ಇರಬಹುದು. ಊತ ಇಳಿದ ಮೇಲೂ ಮೈಯೆಲ್ಲ ನೋಯುತ್ತಿದ್ದರೆ ಅದನ್ನು ಡಾಕ್ಟರಿಗೆ ಹೇಳಿ. ಇಲ್ಲದಿದ್ದರೆ ಬೇಡದ ಔಷಧಿ ಏರುತ್ತಾ ಹೋಗುತ್ತದೆ.

ನನಗೆ ಉಪಯೋಗವಾದದ್ದು ನಡಿಗೆ. ಐದು ನಿಮಿಷದಿಂದ ಶುರು ಮಾಡಿದೆ. ಕದ್ರಿ ಪಾರ್ಕಿನ ಗೇಟಿನಿಂದ ಮೊದಲ ಬೆಂಚಿನವರೆಗೆ, ಅಷ್ಟೇ. ಚೆನ್ನಾಗಿರುವ ದಿನವೂ ಅಷ್ಟೇ, ಕೆಟ್ಟ ದಿನವೂ ಅಷ್ಟೇ. ವಾರಕ್ಕೆ ಒಂದು ನಿಮಿಷ ಜಾಸ್ತಿ. ಚೆನ್ನಾಗಿದೆ ಅಂತ ಶನಿವಾರ ಮನೆ ಒರೆಸುವುದೇ ನಮ್ಮ ಶತ್ರು. ಈಗ ಒಂದು ದಿನ ಒಂದೇ ಕೋಣೆ. ರಾತ್ರಿ ಡಾಕ್ಟರು ಅಮಿಟ್ರಿಪ್ಟಿಲಿನ್ ಸಣ್ಣ ಡೋಸ್ ಕೊಟ್ಟರು. ಇದು ಡಿಪ್ರೆಶನ್ ಮಾತ್ರೆ ಅಂತ ಚೀಟಿಯಲ್ಲಿ ನೋಡಿ ಹೆದರಬೇಡಿ, ಇಲ್ಲಿ ನೋವಿಗೂ ನಿದ್ದೆಗೂ ಕೊಡುವುದು. ಪೂರ್ತಿ ಗುಣವಾಗಿದೆಯಾ ಅಂತ ಕೇಳಿದರೆ ಇಲ್ಲ. ಆದರೆ ಕಳೆದ ನವರಾತ್ರಿಯಲ್ಲಿ ಕುದ್ರೋಳಿ ದೇವಸ್ಥಾನಕ್ಕೆ ಹೋಗಿ ಒಂದು ಗಂಟೆ ನಿಂತೆ. ಎರಡು ವರ್ಷದ ಹಿಂದೆ ಬಾತ್‌ರೂಮಿನವರೆಗೆ ಹೋಗುವುದೇ ಕಷ್ಟವಿತ್ತು.

ಬಂಟ್ವಾಳದಿಂದ

ಒಂದು ಸಣ್ಣ ವಿಷಯ. ನೋವು ಶುರುವಾಗುವ ಮೊದಲು ಜ್ವರ ಬಂದಿತ್ತಾ ಅಂತ ನೆನಪು ಮಾಡಿಕೊಳ್ಳಿ. 2008ರಲ್ಲಿ ನಮ್ಮ ಜಿಲ್ಲೆಯಲ್ಲಿ ಚಿಕುನ್‌ಗುನ್ಯಾ ಬಂದಾಗ ಮನೆಮನೆಯಲ್ಲಿ ಜನ ಮಲಗಿದ್ದರು. ಜ್ವರ ನಾಲ್ಕು ದಿನಕ್ಕೆ ಬಿಟ್ಟಿತು, ನನ್ನ ಅಮ್ಮನ ಗಂಟುನೋವು ಒಂದು ವರ್ಷ ಬಿಡಲಿಲ್ಲ. ಬೆರಳು ಬಾತು, ಬೆಳಿಗ್ಗೆ ಬಿಗಿದು, ನೋಡಿದರೆ ರುಮಟಾಯ್ಡ್ ಹಾಗೆಯೇ. ಬೀಡಿ ಕಟ್ಟುವವರು ಅವರು. ಆ ವರ್ಷ ಎಲೆ ಕತ್ತರಿಸಲಿಕ್ಕೇ ಆಗಲಿಲ್ಲ. ವೈರಸ್ ಹೋದ ಮೇಲೂ ದೇಹದ ಕಾವಲು ಪಡೆ ಶಾಂತವಾಗದೆ ಉಳಿದರೆ ಹೀಗಾಗುತ್ತದೆ ಅಂತ ಡಾಕ್ಟರು ಹೇಳಿದ್ದರು. ಅಮ್ಮನಿಗೆ ಮೆಲ್ಲಗೆ ತಾನಾಗಿ ಇಳಿಯಿತು. ಎಲ್ಲರಿಗೂ ಇಳಿಯುವುದಿಲ್ಲ.

ಬ್ರಹ್ಮಾವರದ ಹಿರಿಯರು

ಮಗಾ, ಮೈಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿ ಬಿಸಿನೀರು ಸ್ನಾನ ಮಾಡು. ಗುಣವಾಗುತ್ತದೆ ಅಂತ ಹೇಳುವುದಿಲ್ಲ, ಹಿತವಾಗುತ್ತದೆ. ಆಟಿ ತಿಂಗಳಲ್ಲಿ ಮಳೆ ಹಿಡಿದರೆ ನನಗೂ ಮೊಣಕಾಲು ಏಳುವುದಿಲ್ಲ. ಆಟಿ ಅಮಾವಾಸ್ಯೆಗೆ ಹಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ನಾವು ಈಗಲೂ ಕುಡಿಯುತ್ತೇವೆ, ಅದು ನಮ್ಮ ಕ್ರಮ. ಆದರೆ ಯಾರಾದರೂ "ಇದು ಗಂಟುನೋವಿನ ಮದ್ದು, ದಿನಾ ಕುಡಿ" ಅಂದರೆ ಕೇಳಬೇಡ. ಮರ ಗುರುತಿಲ್ಲದೆ ಕತ್ತಲಲ್ಲಿ ಬೇರೆ ಮರದ ಕೆತ್ತೆ ತಂದು ಜೀವ ಕಳೆದುಕೊಂಡವರಿದ್ದಾರೆ. ನೀನು ನುಂಗುವ ಮಾತ್ರೆಯ ಜೊತೆ ಏನೇ ಮದ್ದು ಮಾಡಿದರೂ ಡಾಕ್ಟರಿಗೆ ಮುಚ್ಚಿಡಬೇಡ.

ಕುಂದಾಪುರದಿಂದ

ನನ್ನ ಹೆಂಡತಿಗೆ ಲೂಪಸ್, ಅಂದರೆ ರೋಗನಿರೋಧಕ ಶಕ್ತಿ ದೇಹದ ಅನೇಕ ಅಂಗಗಳ ಮೇಲೆ ತಿರುಗುವ ಕಾಯಿಲೆ. ಟೀಚರ್ ಮೇಡಂ, ನಾನು ಬರೆಯುತ್ತಿರುವುದು ನಿಮ್ಮ ಯಜಮಾನರಿಗೆ. ಅವರಿಗೆ ಓದಲು ಕೊಡಿ.

ಅಣ್ಣಾ, ನಾನೂ ನಿಮ್ಮ ಹಾಗೆಯೇ ಸುಮ್ಮನಿದ್ದೆ. ನೋಡಲಿಕ್ಕೆ ಚೆನ್ನಾಗಿಯೇ ಇದ್ದಾಳಲ್ಲ, ಎಂತ ನೋವು ಅಂತ ಮನಸ್ಸಲ್ಲಿ ಇತ್ತು. ಬಾಯಲ್ಲಿ ಹೇಳಲಿಲ್ಲ, ಆದರೆ ಅವಳಿಗೆ ಗೊತ್ತಾಗಿತ್ತು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ, ಕಿಡ್ನಿಗೆ ತಾಗಿದೆ ಅಂತ ಗೊತ್ತಾದ ದಿನ ನನಗೆ ನನ್ನ ಮೇಲೆಯೇ ಬೇಸರವಾಯಿತು. ಇವತ್ತಿಗೂ ಅದು ಹೋಗಿಲ್ಲ. ನಾನು ಮಾಡಬೇಕಿದ್ದದ್ದು ದೊಡ್ಡದೇನಲ್ಲ. ಅವಳ ಜೊತೆ ಒಳಗೆ ಹೋಗಿ ಕೂತು, ಅವಳು ಮರೆತದ್ದನ್ನು ನಾನು ಹೇಳಬೇಕಿತ್ತು.

ಈಗ ಹೋಗುತ್ತೇನೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಅವಳ ದಿನದ ಮಾತ್ರೆ. 2020ರ ಲಾಕ್‌ಡೌನ್ ಶುರುವಾದಾಗ ಕೊರೊನಾಕ್ಕೆ ಅದೇ ಮದ್ದು ಅಂತ ಜನ ತೆಗೆದಿಟ್ಟುಕೊಂಡು ಅಂಗಡಿಗಳಲ್ಲಿ ಖಾಲಿ. ಹಳೆಯ ಚೀಟಿ ಹಿಡಿದು, ಪೊಲೀಸರಿಗೆ ತೋರಿಸುತ್ತಾ, ಕುಂದಾಪುರದಿಂದ ಉಡುಪಿಯವರೆಗೆ ಮೆಡಿಕಲ್ ಶಾಪ್ ಹುಡುಕಿದ್ದೇನೆ. ಒಬ್ಬರು ಎರಡು ಸ್ಟ್ರಿಪ್ ಕೊಟ್ಟರು. ಅವರನ್ನು ಈಗಲೂ ನೆನೆಯುತ್ತೇನೆ. ಈ ಮಾತ್ರೆ ವರ್ಷಗಟ್ಟಲೆ ತೆಗೆದುಕೊಳ್ಳುವವರು ಕಣ್ಣಿನ ರೆಟಿನಾ ಪರೀಕ್ಷೆ ತಪ್ಪಿಸಬಾರದು. ಬಿಸಿಲಿಗೆ ಹೋಗುವಾಗ ಉದ್ದ ತೋಳು, ಕೊಡೆ. ಕಡಲಿನ ಊರಲ್ಲಿ ಈ ಸೆಖೆಗೆ ಅದು ಹಿಂಸೆ, ಆದರೆ ಬಿಸಿಲು ತಾಗಿದರೆ ಅವಳ ಕಾಯಿಲೆ ಏರುತ್ತದೆ.

ಲೂಪಸ್ ಬಂದ ಹತ್ತರಲ್ಲಿ ಸುಮಾರು ಒಂಬತ್ತು ಜನ ಹೆಂಗಸರು. ಹೆಂಗಸರ ನೋವನ್ನು ನಾವು ಎಷ್ಟು ಸುಲಭವಾಗಿ ಟೆನ್ಶನ್ ಅನ್ನುತ್ತೇವೆ ಅಂತ ಅದನ್ನು ಕೇಳಿದಾಗ ಅನ್ನಿಸಿತು.

ಕೇಳಿದವರು, ಅಂಬಲಪಾಡಿ (ಐದು ವಾರದ ನಂತರ)

ಮಣಿಪಾಲಕ್ಕೆ ಹೋಗಿ ರುಮಟಾಲಜಿಸ್ಟ್ ಅನ್ನು ಕಂಡು ಬಂದೆವು. ಬಂದೆವು ಅಂತ ಬರೆದಿದ್ದೇನೆ, ಯಜಮಾನರೂ ಒಳಗೆ ಬಂದು ಕೂತರು. ಕುಂದಾಪುರದ ಅಣ್ಣನಿಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ.

ಗಡಿಯಾರ ನೋಡಿ ಬರೆದ ಆ ವಾರದ ಚೀಟಿ ಕೊಟ್ಟೆ. ಡಾಕ್ಟರು ಅದನ್ನು ಪೂರ್ತಿ ಓದಿದರು. ಆಮೇಲೆ ಎರಡೂ ಕೈಯ ಬೆರಳ ಬುಡದ ಗಂಟುಗಳನ್ನು ಸೇರಿಸಿ ಹಿಂಡಿ ನೋಡಿದರು. ಒಂದೊಂದೇ ಕೀಲು ಒತ್ತಿದರು. ಕಣ್ಣಿನ ರೆಪ್ಪೆಗೆ ಸಣ್ಣ ಕಾಗದ ಇಟ್ಟು ಕಣ್ಣೀರು ಎಷ್ಟು ಬರುತ್ತದೆ ಅಂತ ನೋಡಿದರು, ಒಣಗಿಲ್ಲ. ಮೂತ್ರ ಪರೀಕ್ಷೆ ಸರಿಯಿದೆ. ಆಂಟಿ ಸಿಸಿಪಿ ನೆಗೆಟಿವ್. ಟಿಎಸ್‌ಎಚ್ ಮಾತ್ರ 11ಕ್ಕೆ ಏರಿದೆ, ಮಾತ್ರೆ ಹೆಚ್ಚು ಮಾಡಿದರು. ಥೈರಾಯ್ಡ್ ಮೇಲೆ ಪ್ರತಿಕಾಯ ಇದೆ. ಹಾಗಾಗಿ ನನಗೆ ಆಟೋಇಮ್ಯೂನ್ ಇರುವುದು ನಿಜ, ಆದರೆ ಅದು ಕುತ್ತಿಗೆಯ ಮುಂದೆ ಇರುವ ಆ ಸಣ್ಣ ಗ್ರಂಥಿಯಲ್ಲಿ. ಕೀಲುಗಳಲ್ಲಿ ಅಲ್ಲ.

ಉಳಿದ ನೋವು ಫೈಬ್ರೋಮಯಾಲ್ಜಿಯ ಅಂದರು. ಥೈರಾಯ್ಡ್ ಸರಿಯಾದ ಮೇಲೆ ಎಷ್ಟು ಉಳಿಯುತ್ತದೆ ನೋಡೋಣ, ಆಮೇಲೆ ರಾತ್ರಿಯ ಮಾತ್ರೆ ಬೇಕಾ ಅಂತ ಯೋಚಿಸೋಣ ಅಂದರು. ಎಎನ್‌ಎಯನ್ನು ಪುನಃ ಪುನಃ ಮಾಡಿಸಬೇಡಿ ಅಂತ ಬರೆದೇ ಕೊಟ್ಟರು. ಗಂಟು ಬಾತರೆ, ಬೆಳಗಿನ ಬಿಗಿತ ಒಂದು ಗಂಟೆ ದಾಟಿದರೆ, ಮೈಮೇಲೆ ಕೆಂಪು ಕಲೆ ಬಂದರೆ, ಮೂತ್ರದಲ್ಲಿ ನೊರೆ ಬಂದರೆ ಕಾಯದೆ ಬರಬೇಕು. "ನೋವು ಸುಳ್ಳಲ್ಲ" ಅಂತ ಅವರು ಹೇಳುವಾಗ ನೋಡಿದ್ದು ನನ್ನನ್ನಲ್ಲ, ಯಜಮಾನರನ್ನು.

ಕದ್ರಿಯ ಅಕ್ಕ, ನನ್ನ ನಡಿಗೆ ನಮ್ಮ ಮನೆಯಿಂದ ದೇವಸ್ಥಾನದ ಕಟ್ಟೆಯವರೆಗೆ. ಐದು ನಿಮಿಷ. ಮೊನ್ನೆ ತುಂಬಾ ಹಗುರ ಇತ್ತು, ಮುಂದೆ ಹೋಗೋಣ ಅನ್ನಿಸಿತು. ನಿಮ್ಮ ಮಾತು ನೆನಪಾಗಿ ಕಟ್ಟೆಯಲ್ಲೇ ಕೂತೆ. ಮುಂದಿನ ಟಿಎಸ್‌ಎಚ್ ಬಂದ ಮೇಲೆ ಪುನಃ ಬರೆಯುತ್ತೇನೆ.